ಅತ್ಯಾನ ಕೆಂಪು ಸೀರಿ, ಸಿನೆಮಾದವರ ಬಿಳಿ ಸೀರಿ

ಶ್ರಾವಣದ ಒಂದು ಮಂಗಳವಾರ. ಕುಕ್ಕರ ಇನ್ನ ಎರಡನೇ ಸೀಟಿ ಹೊಡದಿರಲಿಲ್ಲ, ಬೆಂಗಳೂರಿಂದ ನಮ್ಮಕ್ಕನ ಮಗನ ಫೋನು. "ಮಾವಶಿ, 1936ರಾಗ ಧಾರವಾಡದ ಮನ್ಯಾಗ ಹೆಣ್ಮಕ್ಕಳು ಸೀರಿ ಹ್ಯಾಂಗ ಉಡತಿದ್ರು?" ಅಂದ. ಆರಾಮಿದ್ದೀಯೇನು, ಅಡಗಿ ಆತೇನು, ಅಜ್ಜಿ ಹ್ಯಾಂಗಿದ್ದಾಳ, ಏನೂ ಇಲ್ಲ. ಬರೇ 1936. "ಅವಾಗ ನಾ ಎಲ್ಲಿದ್ದೆನೋ ಮಾರಾಯಾ, ನಿಮ್ಮ ಅಜ್ಜೀನೂ ಹುಟ್ಟಿರಲಿಲ್ಲ" ಅಂದೆ.

ಈ ಹುಡುಗ ಎಂಜಿನಿಯರಿಂಗ್ ಮುಗಿಸಿ, ಎರಡು ವರ್ಷ ಕಂಪನ್ಯಾಗ ಕೂತು, ಅದನ್ನ ಬಿಟ್ಟು ಸಿನೆಮಾಕ್ಕ ಸೇರ್ಯಾನ. ನಟ ಅಲ್ಲ, ಡೈರೆಕ್ಟರೂ ಅಲ್ಲ, ಬಟ್ಟಿ ನೋಡಿಕೊಳ್ಳೋರ ಕೈಕೆಳಗಿನ ಸಹಾಯಕ. ಬೀಗರ ಮುಂದ ಇದನ್ನ ಹೇಳಲಿಕ್ಕೆ ನಮ್ಮಕ್ಕಗ ಇನ್ನೂ ಬಾಯಿ ಬರವಲ್ಲದು. ನನಗ ಮಾತ್ರ ಛಲೋ ಅನಿಸ್ತು. ನಮ್ಮ ಮನೆತನದಾಗ ಒಬ್ಬ ಗಂಡಸರೆ ಸೀರಿ ಹ್ಯಾಂಗ ಉಡತಾರ ಅಂತ ಕೇಳಿದನಲ್ಲ.

ಅವರ ಸಿನೆಮಾ ನಡಿಯೋದು ಸ್ವಾತಂತ್ರ್ಯಕ್ಕ ಹತ್ತು ವರ್ಷ ಮೊದಲ, ನಮ್ಮ ಕಡೆಯ ಒಂದು ಬ್ರಾಹ್ಮಣರ ವಾಡೇದಾಗ. "ಇಂಟರ್ನೆಟ್ಟಿನ್ಯಾಗ ಹುಡುಕಿದ್ರ ಬರೇ ಮರಾಠಿ ಧಾರಾವಾಹಿ ಫೋಟೋ ಬರ್ತಾವ, ಇಲ್ಲಾಂದ್ರ ರವಿವರ್ಮನ ಚಿತ್ರ. ನಿಮ್ಮ ಪೆಟಗ್ಯಾಗ ಏನರೆ ಹಳೇ ಸೀರಿ ಅದ ಏನು ನೋಡು" ಅಂದ. ಪೆಟಗಿ ಅಂದಕೂಡಲೇ ಹಿಂದಿನ ಕೋಣ್ಯಾಗ ಹೂಬತ್ತಿ ಮಾಡಿಕೋತ ಕೂತಿದ್ದ ಅವ್ವನ ಕಿವಿ ನೆಟ್ಟಗಾದುವು. ಆಕಿಗೆ ಈಗ 83. ನಾವು ಊಟಕ್ಕ ಕರದದ್ದು ಕೇಳಸಂಗಿಲ್ಲ, ಪೆಟಗಿ ಅಂದದ್ದು ಕೇಳಸ್ತದ.

ಮಧ್ಯಾಹ್ನ ನಮ್ಮನಿಯವರು ಅಟ್ಟದ ಮ್ಯಾಲಿನ ಪೆಟಗಿ ಇಳಿಸಿಕೊಟ್ರು. ಡಾಂಬರ ಗುಳಗಿ ವಾಸನಿಗೆ ಮೂವರೂ ಸೀನಿದ್ವಿ. ಒಳಗ ಒಂದು ಹಳೇ ಧೋತರದಾಗ ಸುತ್ತಿಟ್ಟ ನಮ್ಮ ಅಜ್ಜಿಯ ಚಂದ್ರಕಾಳಿ. ಇಲಕಲ್ಲದ್ದು, ಹದಿನೆಂಟು ಮೊಳ, ಕರೀ ಒಡಲು, ಕೆಂಪು ಸೆರಗು, ಮ್ಯಾಲ ಕೈಲೆ ಹಾಕಿದ ಕಸೂತಿ. ಗೋಪುರ, ತೇರು, ತುಳಸಿಕಟ್ಟಿ. ಕಸೂತಿ ಹಿಂದಮುಂದ ಎರಡೂ ಕಡೆ ಒಂದs ನಮೂನಿ ಕಾಣಬೇಕು, ಎಲ್ಲೂ ಗಂಟು ಇರಬಾರದು. ಅಜ್ಜಿ ಹಾಕಿದ ಗವಂತಿ ಹೊಲಿಗಿ ಇವತ್ತಿಗೂ ಹಂಗs ಅದ. ಇಲಕಲ್ ಸೀರಿಯೊಳಗ ಒಡಲಿನ ಹಾಸಿನ ಎಳಿಗೆ ಸೆರಗಿನ ಹಾಸಿನ ಎಳೀನ ಕುಣಿಕಿ ಹಾಕಿ ಕೂಡಸ್ತಾರ, ತೋಪು ತೆನಿ ಅಂತಾರ ಅದಕ್ಕ. ಒಂದೊಂದs ಎಳಿ, ಕೈಲೆ. ಸಿನೆಮಾದಾಗ ಒಂದು ಸೀರಿಗೆ ಅಷ್ಟು ಹೊತ್ತು ಯಾರ ಕಡೆ ಅದ? ಅಂಗಡ್ಯಾಗ ಹೊಳಿಯೋದು ಯಾವುದು ಸಿಗತದೋ ಅದನ್ನ ತಂದು ಉಡಸ್ತಾರ.

ಅಕ್ಕನ ಮಗ ವೀಡಿಯೋ ಕಾಲ್ ಮಾಡಿದ. ಅವ್ವ ನನ್ನ ಗೊಂಬಿಹಂಗ ನಡುಮನ್ಯಾಗ ನಿಂದರಿಸಿ, ಹಾಕ್ಕೊಂಡಿದ್ದ ನೈಟಿ ಮ್ಯಾಲೇ ಉಡಸಲಿಕ್ಕೆ ಶುರು ಮಾಡಿದ್ಲು. ಮದಲ ನಡಾಕ್ಕ ಒಂದು ಗಂಟು. ಇಡೀ ಸೀರಿ ನಿಲ್ಲೋದು ಆ ಒಂದು ಗಂಟಿನ ಮ್ಯಾಲ. ಆಮ್ಯಾಲೆ ನಿರಿಗಿ, ಆಮ್ಯಾಲೆ ಕಾಲ ನಡುವಿಂದ ಹಿಂದಕ್ಕ ಎಳದು ಕಚ್ಚಿ ಸಿಗಸೋದು. ಒಳಲಂಗ ಇಲ್ಲ, ಪಿನ್ನಿಲ್ಲ. "ಅಜ್ಜಿ, ಹೆಗಲಿಗೆ ಪಿನ್ನು ಎಲ್ಲಿ ಹಾಕೋದು?" ಅಂದ ಅವ. ಅವ್ವ ಫೋನಿನ್ಯಾಗ ಮಾರಿ ಹಾಕಿ, "ಪಿನ್ನು ಹಾಕ್ಕೊಂಡು ಹೊಲದಾಗ ಕಳೆ ತಗೀತಾರೇನೋ? ಪಿನ್ನು ಹಾಕ್ಕೊಂಡು ಬಾವಿ ನೀರು ಸೇದತಾರೇನೋ? ಸೆರಗು ತಾನs ನಿಲ್ಲಬೇಕು" ಅಂದ್ಲು. ಅವ ಬರಕೊಂಡ.

ಕುಪ್ಪುಸದ ಮಾತು ಬಂತು. ಗುಳೇದಗುಡ್ಡದ ಖಣದ ಕುಪ್ಪುಸ. ಮುಂದ ಎದಿ ಕೆಳಗ ಗಂಟು ಹಾಕೋದು, ಹುಕ್ಕಿಲ್ಲ. ಬೆನ್ನಿಗೆ ದಾರ ಇಳಿಬಿಟ್ಟು ಗೊಂಡೆ ಕಟ್ಟೋದು, ಬೆನ್ನೆಲ್ಲಾ ತೆರದು ಹೊಲಿಯೋದು ನಮ್ಮ ಅಜ್ಜೀಗೂ ಗೊತ್ತಿರಲಿಲ್ಲ, ಅವರವ್ವಗೂ ಗೊತ್ತಿರಲಿಲ್ಲ. ಆದ್ರ ಐತಿಹಾಸಿಕ ಅಂತ ಹೇಳಿಕೋತ ಬರೋ ಎಷ್ಟೋ ಧಾರಾವಾಹ್ಯಾಗ ರಾಣಿಯಿಂದ ದಾಸಿತನಕ ಎಲ್ಲಾರ ಬೆನ್ನೂ ಕಾಣತಾವ.

ನಾ ಟೀವಿ ಮುಂದ ಕೂತಾಗ ಇಂಥಾವು ಭಾಳ ಹುಡುಕ್ತೀನಿ. ಇದು ನನ್ನ ಚಟ, ಮನಿಯವರು "ಕಥಿ ನೋಡು ಮದಲ" ಅಂತ ಬೈತಾರ. ಕಿತ್ತೂರ ಚೆನ್ನಮ್ಮ ರಾಣಿ ಇಂಗ್ಲೀಷರ ಥ್ಯಾಕರೆನ್ನ ಸೋಲಿಸಿ ಕೊಂದದ್ದು 1824ರ ಅಕ್ಟೋಬರದಾಗ. ಸೇಫ್ಟಿ ಪಿನ್ನಿಗೆ ಅಮೇರಿಕಾದಾಗ ವಾಲ್ಟರ್ ಹಂಟ್ ಅನ್ನವ ಪೇಟೆಂಟ್ ತೊಗೊಂಡದ್ದು 1849ಕ್ಕ. ಕುದುರಿ ಮ್ಯಾಲ ಖಡ್ಗ ಹಿಡದು ಕೂತ ರಾಣಿ ಹೆಗಲಿನ್ಯಾಗ ಪಿನ್ನು ಮಿಂಚಿದ್ರ ನನಗ ಯುದ್ಧ ಕಾಣಸಂಗಿಲ್ಲ, ಪಿನ್ನೇ ಕಾಣಸ್ತದ. ಇನ್ನ ಬಣ್ಣ. ಅರಗಾಣಿ ಅಲ್ಲದ ಬಣ್ಣ, ಅಂದ್ರ ಪ್ರಯೋಗಶಾಲಿಯೊಳಗ ಮಾಡಿದ್ದು, ಮೊದಲಿಗೆ ಬಂದದ್ದು 1856ರಾಗ, ಲಂಡನ್ನಿನ್ಯಾಗ ಪರ್ಕಿನ್ ಅನ್ನೋ 18 ವರ್ಷದ ಹುಡುಗನ ಕೈಯಿಂದ. ಅದಕ್ಕಿಂತಾ ಮದಲಿನ ಕಥಿಯೊಳಗ ಆ ಕಣ್ಣು ಕುಕ್ಕೋ ಗುಲಾಬಿ, ಆ ನಿಯಾನ್ ಹಸರು ಎಲ್ಲಿಂದ ಬರಬೇಕು? ನೀಲಿ ಗಿಡದಿಂದ ಬರತಿತ್ತು, ಕೆಂಪು ಬೇರಿಂದಲೋ ಅರಗಿನಿಂದಲೋ. ಛಂದನs ಇತ್ತು, ಮತ್ತ ಕಣ್ಣಿಗೆ ತಂಪೂ ಇತ್ತು.

ಕೂದಲದ್ದು ಇನ್ನೊಂದು ತಮಾಷಿ. ಹಳೇ ಸಿನೆಮಾ ಯಾವ ರಾಜನ ಕಾಲದ್ದು ಅಂತ ಹೇಳಲಿಕ್ಕೆ ಬರಲಿಕ್ಕಿಲ್ಲ, ಯಾವ ವರ್ಷ ತಗದದ್ದು ಅಂತ ಮಾತ್ರ ತಲಿ ನೋಡಿ ಹೇಳಬಹುದು. 1960ರ ಸುಮಾರಿನ ರಾಣಿಯರಿಗೆ ಕಾಡಿಗಿ ಕಣ್ಣಿನ ಮೂಲಿ ದಾಟಿ ಕಿವಿ ಕಡೆ ಹೊಂಟಿರತದ, ನಡುನೆತ್ತಿ ಉಬ್ಬಿರತದ. ಈಗಿನ ರಾಣಿಯರ ಕೂದಲಾ ಇಸ್ತ್ರಿ ಹೊಡದಹಂಗ ನೆಟ್ಟಗ ಇಳದಿರತದ, ಹುಬ್ಬು ಪಾರ್ಲರಿನ್ಯಾಗ ದಾರ ಹಿಡದು ತೀಡಿದ್ದು. ನಮ್ಮ ಅವ್ವ ತನ್ನ ಅವ್ವನ್ನ ಒಂದು ದಿನಾನೂ ಕೂದಲಾ ಬಿಚ್ಚಿ ಮನಿತುಂಬ ಓಡಾಡಿದ್ದನ್ನ ನೋಡಿಲ್ಲ. ಎರಕೊಂಡ ದಿನ ಒಣಗೋತನಕ ತುದಿಗೆ ಒಂದು ಗಂಟು ಹಾಕ್ಕೊಂಡಿರತಿದ್ರು, ಅಷ್ಟs. ಬಿಚ್ಚುಗೂದಲಾ ಅಂದ್ರ ಮನ್ಯಾಗ ಸತ್ತಾರ ಅಂತ ಅರ್ಥ ಇತ್ತು. ಸಿನೆಮಾದಾಗ ಹೆಣ್ಮಗಳು ಪೂಜಾಕ್ಕ ಕೂತಾಗೂ ಗಾಳಿಗೆ ಹಾರಸ್ತಾರ.

ಆದ್ರ ಸಿನೆಮಾದವರನ್ನಷ್ಟs ಬೈದ್ರ ತಪ್ಪಾಗ್ತದ. ಅವರ ಬಟ್ಟಿ ಬಂದದ್ದು ನಾಟಕ ಕಂಪನಿ ಪೆಟಗಿಯಿಂದ. ಕಂಪನಿಯವರ ಕಡೆ ಒಂದು ಕಿರೀಟ ಇದ್ರ ಅದನ್ನ ಇವತ್ತು ಕೃಷ್ಣ ಹಾಕ್ಕೊಂಡು ನಾಳೆ ಪುಲಿಕೇಶಿಗೆ ಕೊಡತಿದ್ದ. ಮುಂದಿನ ಸಾಲಿನವರಿಗೂ ಅಷ್ಟs, ಹಿಂದ ಕೂತವರಿಗೂ ಇಂವ ರಾಜಾ ಅಂತ ಗೊತ್ತಾಗಬೇಕು, ಅದಕ್ಕ ಮಿಂಚಬೇಕು. ತಿರುಪತಿ ಗುಡಿಯೊಳಗ ಕೃಷ್ಣದೇವರಾಯಂದು, ಇಬ್ಬರು ರಾಣಿಯರದು ತಾಮ್ರದ ಬಣ್ಣದ ಮೂರ್ತಿ ಅವ, ನೀವೂ ನೋಡಿರಬಹುದು. ಕೈ ಮುಗದು ನಿಂತಾರ. ರಾಯನ ತಲಿ ಮ್ಯಾಲ ಕಿರೀಟ ಇಲ್ಲ, ಉದ್ದನ್ನ ಟೊಪಗಿ ಅದ. ಕುಳ್ಳಾಯಿ ಅಂತಾರ. ಅವನ್ನ ಕಣ್ಣಾರೆ ಕಂಡ ಪೋರ್ಚುಗೀಸ ಪಾಯೆಸನೂ ಜರಿ ಬಟ್ಟಿ ಟೊಪಗಿ ಅಂತನs ಬರದಾನ. ಗುಡಿಯೊಳಗ ನಿಂತು ನಮ್ಮ ನಾದಿನಿ "ಇಂವ ರಾಯ ಅಲ್ಲ ಬಿಡ್ರಿ ವೈನಿ, ಯಾರೋ ಸೇವಕ ಇರಬೇಕು" ಅಂದಿದ್ಲು. ಕಿರೀಟ ಇಲ್ಲಲ್ಲ, ಹಂಗಾಗಿ.

ಈಗ ನಾವು ಉಡೋ ಆರು ಗಜದ ಸೀರಿ ನಮೂನೀನೂ ಹಳೇದಲ್ಲ. ಮುಂದ ನಿರಿಗಿ, ಒಳಗ ಲಂಗ, ಮ್ಯಾಲ ಹೊಲದ ಜಂಪರ, ಎಡಗಡೆ ಹೆಗಲ ಮ್ಯಾಲ ಸೆರಗು, ಇದನ್ನ ಹೆಚ್ಚು ಬಳಕಿಗೆ ತಂದವರೊಳಗ ರವೀಂದ್ರನಾಥ ಠಾಕೂರರ ಅತ್ತಿಗಿ ಜ್ಞಾನದಾನಂದಿನಿ ದೇವಿ ಒಬ್ಬರು. ಮುಂಬಯಿಯೊಳಗ ಪಾರ್ಸಿ ಹೆಣ್ಮಕ್ಕಳನ್ನ ನೋಡಿ ಕಲತು, ಕಲಕತ್ತಾಕ್ಕ ಒಯ್ದ್ರು. ಅವರ ಯಜಮಾನ್ರು ಸತ್ಯೇಂದ್ರನಾಥ ನಮ್ಮ ಕಾರವಾರದಾಗೂ ಜಡ್ಜ್ ಆಗಿದ್ರು. ಅಂದ್ರ ಆ ನಮೂನಿ ಸೀರಿ ಹತ್ತೊಂಬತ್ತನೇ ಶತಮಾನದ ಕೊನೀಗೆ ಎಲ್ಲೆಲ್ಲೋ ಅಡ್ಡಾಡಿ ನಮ್ಮಲ್ಲಿಗೆ ಬಂತು. ಬಾದಾಮಿ ಚಾಲುಕ್ಯರ ರಾಣಿಗೆ ಅದನ್ನ ಉಡಸೋದಂದ್ರ ಆಕಿ ಕೈಯಾಗ ಮೊಬೈಲ್ ಕೊಟ್ಟಷ್ಟs.

ಎಲ್ಲಾರೂ ಹಿಂಗs ಅಂತಲ್ಲ. ಗಾಂಧಿ ಸಿನೆಮಾಕ್ಕ ಬಟ್ಟಿ ಮಾಡಿ 1983ರಾಗ ಆಸ್ಕರ್ ತೊಗೊಂಡ ಭಾನು ಅಥೈಯಾ ನಮ್ಮ ಬಾಜೂಕಿನ ಕೊಲ್ಹಾಪುರದಾಗ ಹುಟ್ಟಿದವರು. ಭಾರತದವರಿಗೆ ಬಂದ ಮೊದಲನೇ ಆಸ್ಕರ್ ಅದು, ಮತ್ತ ಅದು ಬಂದದ್ದು ಬಟ್ಟಿಗೆ. ಆ ಸಿನೆಮಾದಾಗ ಮೈಮ್ಯಾಲಿನ ಅರಿವಿ ನೋಡಿಕೋತ ಹೋದ್ರ ಸಾಕು, ಸೂಟು ಹೋಗಿ, ಅಂಗಿ ಹೋಗಿ, ಕಡೀಕೆ ತುಂಡು ಪಂಜಿ ಉಳೀತದ. ಇದನ್ನ ಹೇಳಿದಾಗ ಅಕ್ಕನ ಮಗ "ಅವರ ಹೆಸರು ಹೇಳಿಕೊಂಡs ನಾ ಈ ಕೆಲಸಕ್ಕ ಬಂದೇನಿ ಮಾವಶಿ" ಅಂದ. ಇಷ್ಟು ಹೇಳಿದಮ್ಯಾಲೆ ಇನ್ನ ಅವನ್ನ ಬೈಲಿಕ್ಕೆ ಮನಸಾಗಲಿಲ್ಲ.

ಸೀರಿ ಪಾಠ ಮುಗೀತು ಅನ್ನೋದ್ರಾಗ ಅವ ಇನ್ನೊಂದು ಕೇಳಿದ. "ಅಜ್ಜಿ, ನಮ್ಮ ಹೀರೋಯಿನ್ ಕಥ್ಯಾಗ ಸಣ್ಣ ವಯಸ್ಸಿನ ವಿಧವಿ. ಬಿಳೀ ಸೀರಿ, ಬಾರ್ಡರ್ ಇಲ್ಲದ್ದು, ತಯಾರು ಮಾಡೇವಿ. ಕೂದಲಾ ಸಾದಾ ಹೆರಳು ಹಾಕಿಸಿದ್ರ ನಡೀತದಲ್ಲ?"

ಅವ್ವ ಸುಮ್ಮನಾದ್ಲು. ನನ್ನ ಮೈಮ್ಯಾಲಿನ ಸೀರಿ ಬಿಚ್ಚಿ ಮಡಚಲಿಕ್ಕೆ ಹತ್ತಿದ್ಲು. ಫೋನು ಕಟ್ಟಾತು ಅಂತ ತಿಳದು ಅವ "ಹಲೋ, ಹಲೋ" ಅಂದ. "ಬಿಳೀದು ಯಾರು ಉಡತಿದ್ರು?" ಅಂದ್ಲು ಅವ್ವ. "ಅತ್ಯಾ ಕೆಂಪು ಉಡತಿದ್ಲು."

ಅತ್ಯಾ ಅಂದ್ರ ಅವ್ವನ ಸ್ವಾದರತ್ತಿ, ಆಕಿ ಅಪ್ಪನ ಅಕ್ಕ. ನಾ ಹುಟ್ಟೂದಕ್ಕ ಮದಲs ಹೋದವಳು. ಮನ್ಯಾಗ ಆಕಿ ಮಾತು ಬರತಿತ್ತು, ಆದ್ರ ಉಪ್ಪಿನಕಾಯಿ ಹಾಕುವಾಗ, "ಅತ್ಯಾ ಹಾಕಿದ್ದು ಎರಡು ವರ್ಷ ಕೆಡತಿರಲಿಲ್ಲ" ಅಂತ. ಅಷ್ಟs. ಆಕಿ ತಲಿ ವಿಷಯ ನನ್ನ ಐವತ್ತೈದು ವರ್ಷದಾಗ ಅವ್ವನ ಬಾಯಿಂದ ನಾ ಕೇಳಿರಲಿಲ್ಲ.

ಹನ್ನೊಂದಕ್ಕ ಮದವಿ, ಹದಿನಾಲ್ಕಕ್ಕ ಗಂಡ ಹೋದ. ಪ್ಲೇಗೋ ಜ್ವರಾನೋ, ಅದು ಅವ್ವಗ ನೆನಪಿಲ್ಲ. ತೌರುಮನಿಗೆ ಕರಕೊಂಡು ಬಂದ್ರು. ಅವತ್ತಿಂದ ಸಾಯೋತನಕ ಕೆಂಪು ಸೀರಿ. ಅಂಚಿಲ್ಲ, ಒರಟು, ಒಗದು ಒಗದು ಕಾವಿ ಬಣ್ಣಕ್ಕ ತಿರುಗಿರತಿತ್ತು. ಕುಪ್ಪುಸ ಇಲ್ಲ. ಸೆರಗು ತಲಿ ಮ್ಯಾಲಿಂದ ಸರೀಬಾರದು. ಹಿತ್ತಲ ಬಾಗಲಿಗೆ ತಿಂಗಳಿಗೊಮ್ಮೆ ನಾವಲಿಗ ಬರತಿದ್ದ. ಅವ ಬರೋ ದಿನ ಹುಡುಗರನ್ನೆಲ್ಲಾ ಮುಂದಿನ ಪಡಸಾಲಿಗೆ ಅಟ್ಟತಿದ್ರು. "ನಾ ಒಮ್ಮೆ ಸಂದಿಯಿಂದ ನೋಡಿದೆ. ಅಂವನೂ ಮಾತಾಡತಿರಲಿಲ್ಲ, ಈಕಿನೂ ಮಾತಾಡತಿರಲಿಲ್ಲ. ಬಾವಿ ಗಾಲಿ ಸಪ್ಪಳ ಅಷ್ಟs ಕೇಳತಿತ್ತು" ಅಂದ್ಲು ಅವ್ವ. ಓಣಿ ಹುಡುಗರು ಈಗ ಕ್ರಿಕೆಟ್ ಆಡಿಕೋತ ಒಬ್ಬರಿಗೊಬ್ಬರು ಬೈಯೋ ಒಂದು ಬೈಗಳ ಅದ, ನಿಮಗೂ ಗೊತ್ತು. ಅದು ಬಂದದ್ದು ಇಂಥಾ ತಲಿಯಿಂದ. ಸೀರಿ ಹೋತು, ನಾವಲಿಗ ಬರೋದು ಹೋತು, ಬೈಗಳ ಉಳದದ.

ಇಷ್ಟು ಹೇಳಿದವಳು ಒಮ್ಮೆಲೇ ನಕ್ಕಳು ಅವ್ವ. "ಆದ್ರ ನಮ್ಮೆಲ್ಲಾರಿಗೂ ಹೆರಳು ಹಾಕಾಕಿ ಅತ್ಯಾನs."

ಮನ್ಯಾಗ ಏಳು ಮಂದಿ ಹೆಣ್ಣು ಹುಡುಗ್ಯಾರು. ಮಧ್ಯಾಹ್ನದತನಕ ಅತ್ಯಾ ಮಡಿ, ಮುಟ್ಟಂಗಿಲ್ಲ. ಆಕಿ ಊಟಾಗಿ, ಎಲಿ ತಗದು, ಗೋಮಯ ಹಚ್ಚಿದ ಮ್ಯಾಲೆ ಹಿಂದಿನ ಕಟ್ಟಿ ಮ್ಯಾಲ ಬಂದು ಕೂಡತಿದ್ಲು. ಏಳೂ ಮಂದಿ ಸಾಲಾಗಿ ಒಬ್ಬರ ಹಿಂದ ಒಬ್ಬರು. ಕಟಗೀ ಹಣಗಿ, ಒಂದು ಬಟ್ಟಲಾಗ ಕೊಬ್ಬರಿ ಎಣ್ಣಿ. ಹೇನು ಹೆಕ್ಕಿ, ಸಿಕ್ಕು ಬಿಡಿಸಿ, ಬೈತಲಿ ತಗದು, ಎಷ್ಟು ಬಿಗಿಯಾಗಿ ಹಾಕತಿದ್ಲು ಅಂದ್ರ ಕಣ್ಣು ಮ್ಯಾಲಕ್ಕ ಎಳೀತಿದ್ವಂತ. ನಾಗರ ಪಂಚಮಿಗೆ, ಗೌರಿ ಹುಣ್ಣಿವಿಗೆ ಕ್ಯಾದಗಿ ಹೆರಳು. ಕ್ಯಾದಗಿ ಎಸಳು ಅಂಚಿಗೆ ಮುಳ್ಳು ತಗದು, ಮಡಿಚಿ, ಒಂದರ ಮ್ಯಾಲ ಒಂದು ಹೊಲಿಯೋದು. ಓಣಿಯೊಳಗ ಅಂಥಾ ಕೈ ಇನ್ನೊಂದಿರಲಿಲ್ಲ. ಆದ್ರ ಹಬ್ಬದ ದಿನ ಎಸಳು ಮಡಚಿ ಕೊಡೂದಷ್ಟs ಆಕಿ ಕೆಲಸ. ಕೂದಲಕ್ಕ ಮುಡಸೋದು ನಮ್ಮ ಅಜ್ಜಿ. ಹೆರಳು ಹಾಕಿ, ಬೆನ್ನಿಗೆ ಮೆಲ್ಲಕ ಒಂದು ಬಡದು, "ಹೋಗು, ನಿಮ್ಮವ್ವನ ಕಡೆ ಹೂವ ಮುಡಸ್ಕೋ" ಅಂತ ಕಳಸತಿದ್ಲಂತ. ಮುತ್ತೈದಿ ಮುಡಸಬೇಕಲ್ಲ.

ಫೋನಿನ ಆ ಕಡೆ ಹುಡುಗನೂ ಸುಮ್ಮನಾಗಿದ್ದ. ಆಮ್ಯಾಲೆ ನಿಧಾನಕ "ಅಜ್ಜಿ, ಆಕಿ ಫೋಟೋ ಅದ ಏನು?" ಅಂದ.

ಅದ ಅಂತ ನನಗನಿಸಿತ್ತು. ಪೆಟಗಿ ತಳದಾಗ 1938ರ ಒಂದು ಗುಂಪಿನ ಫೋಟೋ ಅದ, ಯಾರದೋ ಮುಂಜಿವಿಯೊಳಗ ತಗಸಿದ್ದು. ಹೆಣ್ಮಕ್ಕಳೆಲ್ಲಾ ಇಲಕಲ್ ಸೀರಿ, ಟೀಕಿ, ನತ್ತು, ನಡು ಬೈತಲಿ, ಒಬ್ಬರೂ ನಕ್ಕಿಲ್ಲ. ಒಬ್ಬೊಬ್ಬರನ್ನ ಬೆರಳಿಟ್ಟು ತೋರಿಸಿದ್ಲು ಅವ್ವ. ಹದಿನೇಳು ಮಂದಿ. ಅತ್ಯಾ ಇಲ್ಲ. "ಆಕಿನ್ನ ಯಾರು ನಿಂದರಸತಾರ ಫೋಟೋಕ್ಕ? ಅಡಗಿಮನ್ಯಾಗಿದ್ದಿರಬೇಕು." ಅಂದ್ರ ಆಕಿ ಹ್ಯಾಂಗಿದ್ಲು ಅನ್ನೋದಕ್ಕ ಇರೋ ಸಾಕ್ಷಿ ಅವ್ವನ ಕಣ್ಣು ಮಾತ್ರ. ಅದಕ್ಕೂ ಒಂದು ಕಡೆ ಮೋತಿಬಿಂದು ಆಪರೇಶನ್ ಆಗೇದ.

ಅವ ತನ್ನ ಕಷ್ಟ ಹೇಳಿದ. ಹೀರೋಯಿನ್ ತಲಿ ಬೋಳಿಸಿಕೊಳ್ಳಲಿಕ್ಕೆ ಒಪ್ಪಂಗಿಲ್ಲ, ಮುಂದಿನ ತಿಂಗಳು ಆಕಿಗೆ ಬ್ಯಾರೆ ಸಿನೆಮಾ ಅದ. ಬೋಳು ಕಾಣೋ ರಬ್ಬರಿನ ಟೊಪಗಿ ಹಾಕಿದ್ರ ಹಣಿ ಮ್ಯಾಲ ಅಂಚು ಕಾಣತದ, ಛಲೋದು ಮಾಡಸಲಿಕ್ಕೆ ರೊಕ್ಕ ಇಲ್ಲ. ಮ್ಯಾಲ, "ಮಂದಿ ನೋಡಂಗಿಲ್ಲ" ಅಂತಾರಂತ ಡೈರೆಕ್ಟರು. ನಾ ಅಂದೆ, ಘಟಶ್ರಾದ್ಧ ಬಂದು ಎಷ್ಟು ವರ್ಷಾತು? 1977. ಕೊನೀಗೆ ಯಮುನಾನ ಬೋಳು ತಲಿ ನೋಡಿ ನಾ ಎರಡು ದಿನ ಊಟ ಬಿಟ್ಟಿದ್ದೆ. ಎಂ. ಕೆ. ಇಂದಿರಾ ಅವರ ಫಣಿಯಮ್ಮನ್ನ ಪ್ರೇಮಾ ಕಾರಂತರು 1983ರಾಗ ಸಿನೆಮಾ ಮಾಡಿ ತೋರಿಸಿದ್ರು. ಮಂದಿ ನೋಡ್ಯಾರ. ವಾಟರ್ ಸಿನೆಮಾಕ್ಕ 2000ದಾಗ ಕಾಶಿಯೊಳಗ ಶಬಾನಾ ಆಜ್ಮಿ, ನಂದಿತಾ ದಾಸ್ ಇಬ್ಬರೂ ಖರೇನ ತಲಿ ಬೋಳಿಸಿಕೊಂಡ್ರು. ಗದ್ದಲ ಎದ್ದು ಶೂಟಿಂಗ್ ನಿಂತು, ಕಡೀಕೆ ಬ್ಯಾರೆಯವರನ್ನ ಹಾಕ್ಕೊಂಡು ಶ್ರೀಲಂಕಾದಾಗ ತಗದ್ರು. ಅದರಾಗ ಲೀಸಾ ರೇಗ ಉದ್ದ ಕೂದಲಾ ಅದ, ಆದ್ರ ಯಾಕ ಉಳಿಸ್ಯಾರ ಅಂತ ಕಥಿ ಹೇಳತದ. ಆಕಿನ್ನ ದುಡ್ಡಿಗೆ ಕಳಸಬೇಕಲ್ಲ, ಅದಕ್ಕ ಉಳಿಸ್ಯಾರ. ಕೂದಲಾ ಇಡ್ರಿ, ಬ್ಯಾಡ ಅನ್ನಂಗಿಲ್ಲ, ಆದ್ರ ಯಾಕ ಅದ ಅಂತ ಕಥಿಗೆ ಗೊತ್ತಿರಬೇಕು.

ನಾ ಇಷ್ಟು ಜೋರಲೇ ಹೇಳುವಾಗ ಅವ್ವನs ನಡುವ ಬಾಯಿ ಹಾಕಿದ್ಲು. "ಹಂಗಂತ ಎಲ್ಲಾರದ್ದೂ ತಗೀತಿರಲಿಲ್ಲ ಮತ್ತ. ನಮ್ಮ ಸಣ್ಣ ಕಾಕೂಂದು ತಗೀಲಿಲ್ಲ." ಸಣ್ಣ ಕಾಕಾ ತೀರಿಕೊಂಡದ್ದು 1950ರ ಸುಮಾರು. ಹಿರೇರೆಲ್ಲಾ ನಾವಲಿಗಗ ಹೇಳಿಕಳಸ್ರಿ ಅಂದಾಗ ಬ್ಯಾಡ ಅಂತ ಬಾಗಲಿಗೆ ಅಡ್ಡ ನಿಂತಾಕಿ ಅತ್ಯಾ. ಏನಂದ್ಲು ಅಂತ ಕೇಳಿದೆ. "ಏನೂ ಅನ್ನಲಿಲ್ಲ. ಅಡ್ಡ ಕೂತ್ಲು. ಅವತ್ತು ಅಡಗಿ ಮಾಡಲಿಲ್ಲ. ಮರುದಿನಾನೂ ಮಾಡಲಿಲ್ಲ. ಗಂಡಸರು ಅವಲಕ್ಕಿ ತಿಂದು ಸಾಕಾಗಿ ಬಿಟ್ಟುಕೊಟ್ರು." ಅದಕ್ಕ ಒಂದs ಮನ್ಯಾಗ, ಒಂದs ವರ್ಷ, ಒಬ್ಬಾಕಿ ಬೋಳು ತಲಿ ಕೆಂಪು ಸೀರಿ, ಇನ್ನೊಬ್ಬಾಕಿ ತುರುಬು, ತಿಳೀ ಬಣ್ಣದ ಅಂಚಿನ ಸೀರಿ. ಕಾಕುಂದೂ ಬಿಳೀ ಸೀರಿ ಅಲ್ಲ ನೋಡ್ರಿ. ಬಿಳೀದು ಬಂಗಾಲದ ಕಡೆ, ಕಾಶಿ ಕಡೆ ಖರೆ. ಹಿಂದೀ ಸಿನೆಮಾ ನೋಡಿ ನೋಡಿ ನಾವೂ ನಮ್ಮ ಮನ್ಯಾಗೂ ಬಿಳೀದs ಇತ್ತು ಅಂತ ನಂಬಿಬಿಟ್ಟೇವಿ. ನಾನೂ ನಂಬಿದ್ದೆ.

ಅಕ್ಕನ ಮಗ ಡೈರೆಕ್ಟರ ಮುಂದ ಏನೇನು ಹೇಳಿದನೋ. ಹೀರೋಯಿನ್ನಿಂದು ಬದಲಾಗಲಿಲ್ಲ, ಬಿಳೀ ಸೀರಿ, ಉದ್ದನ್ನ ಹೆರಳು. ಆದ್ರ ಒಂದು ಸೀನಿನ್ಯಾಗ ಹಿಂದ ಕಟ್ಟಿ ಮ್ಯಾಲ ಕೆಂಪು ಸೀರಿ ಉಟ್ಟು ಮುದುಕಿ ಒಬ್ಬಾಕಿ ಒಂದು ಸಣ್ಣ ಹುಡುಗಿಗೆ ಹೆರಳು ಹಾಕತಿರತಾಳ, ಮಾತಿಲ್ಲ, ಅಷ್ಟು ಒಪ್ಪಿಸೇನಿ ಅಂತ ಹೇಳಿದ. ದಸರಾ ಮುಗದ ಮ್ಯಾಲೆ ಅದರ ಫೋಟೋ ಕಳಿಸಿದ. ಗಂಟು ಕುಪ್ಪುಸದ ಸುವಾಸಿನಿಯರು, ಕಚ್ಚಿ ಸೀರಿ, ಒಂದೂ ಪಿನ್ನಿಲ್ಲ. ನನಗ ಭಾಳ ಖುಷಿ ಆತು. ಕೆಂಪು ಸೀರಿ ಬಣ್ಣಾನೂ ಒಗದು ಮಾಸಿದ್ದs ಇತ್ತು. ಚಾದ ನೀರಿನ್ಯಾಗ ಎರಡು ಸಲ ಎದ್ದಿ ಒಣಗಿಸಿದ್ನಂತ.

ಅವ್ವ ಚಷ್ಮಾ ಹಾಕ್ಕೊಂಡು, ನಾ ಕಲಿಸಿದಹಂಗ ಎರಡು ಬೆರಳಲೆ ಫೋಟೋ ದೊಡ್ಡದು ಮಾಡಿ, ಭಾಳ ಹೊತ್ತು ನೋಡಿದ್ಲು.

"ಸೆರಗಿನೊಳಗ ತುರುಬದ" ಅಂದ್ಲು.

ನಾನೂ ನೋಡಿದೆ. ಖರೇನ, ಹಿಂದ ಸೆರಗು ಉಬ್ಬಿತ್ತು. ಆ ಮುದುಕಿ ನಟಿ ತನ್ನ ಕೂದಲಾ ಗಂಟು ಕಟ್ಟಿ ಮ್ಯಾಲ ಸೆರಗು ಹೊತ್ತಿದ್ಲು. ನಾ ಗಮನಿಸಿರಲಿಲ್ಲ. ನೀವೂ ಗಮನಸ್ತಿರಲಿಲ್ಲ.

"ಬೋಳು ತಲಿ ಮ್ಯಾಲ ಸೆರಗು ಹಿಂಗ ನಿಲ್ಲಂಗಿಲ್ಲ. ಜಾರತದ. ಅತ್ಯಾ ಎರಡೂ ಕಡೆ ಕಿವಿ ಹಿಂದ ಸಿಗಸತಿದ್ಲು. ಹೆರಳು ಹಾಕುವಾಗ ಎರಡೂ ಕೈ ಕೆಲಸದಾಗ ಇರತಿದ್ವಲ್ಲ, ಅವಾಗ ಅಂಚು ಹಲ್ಲಾಗ ಹಿಡಕೋತಿದ್ಲು. ಅದಕ್ಕ ಹೆರಳು ಹಾಕೋತನಕ ಆಕಿ ಮಾತಾಡತಿರಲಿಲ್ಲ. ಮುಗದಮ್ಯಾಲೆ ಹಲ್ಲು ಬಿಟ್ಟು, ಹೋಗು ಅಂತಿದ್ಲು."

"ಬರದು ಕಳಸಲೇನು ಅವಗ?" ಅಂದೆ.

"ಬ್ಯಾಡ ಬಿಡು, ಪಾಪ, ಅಷ್ಟು ಕಷ್ಟಪಟ್ಟಾನ" ಅಂದ್ಲು ಅವ್ವ. ನಾ ಕಳಿಸಿದೆ. ಎರಡು ದಿನ ಉತ್ತರ ಬರಲಿಲ್ಲ, ನೀಲಿ ಗೆರಿ ಮಾತ್ರ ಬಿದ್ದಿತ್ತು. ಬ್ಯಾಸರಾದ ಏನೋ ಅಂತ ನನಗ ಅಡಗಿಯೊಳಗ ಮನಸಿರಲಿಲ್ಲ. ಮೂರನೇ ದಿನ ಮುಂಜಾನೆ ಆರಕ್ಕ ಮೆಸೇಜ್ ಬಂತು. ಇನ್ನೊಂದು ದಿನದ ಶೂಟಿಂಗ್ ಬಾಕಿ ಅದ, ಹಲ್ಲಾಗ ಹ್ಯಾಂಗ ಹಿಡಕೋತಿದ್ಲು ಅಜ್ಜಿ ಮಾಡಿ ತೋರಿಸಲಿ, ವೀಡಿಯೋ ಮಾಡಿ ಕಳಸು ಮಾವಶಿ ಅಂತ.

ಅವ್ವ ಇನ್ನ ಮಾರಿ ತೊಳಕೊಂಡಿರಲಿಲ್ಲ. ಸ್ಟೂಲಿನ ಮ್ಯಾಲ ಕೂತು, ತನ್ನ ತುರುಬು ಬಿಚ್ಚಿ, ಕೂದಲಾನೆಲ್ಲಾ ಮುಂದಕ್ಕ ತಂದು ಕುತ್ತಿಗಿ ಕಡೆ ಅದುಮಿ, ಅದರ ಮ್ಯಾಲ ಸೆರಗು ಹೊತ್ತು, ಎರಡೂ ಕಡೆ ಕಿವಿ ಹಿಂದ ಸಿಗಿಸಿ, ಅಂಚನ್ನ ಹಲ್ಲಾಗ ಕಚ್ಚಿಕೊಂಡ್ಲು. ನನ್ನ ಕಡೆ ಕೈ ಮಾಡಿದ್ಲು, ಮುಂದ ಬಂದು ಕೂಡು ಅಂತ. ಫೋನನ್ನ ತುಳಸಿಕಟ್ಟಿಗೆ ಆನಿಸಿಟ್ಟು, ಹಣಗಿ ತಂದು ಕೊಟ್ಟು, ಆಕಿ ಕಾಲಹತ್ರ ಬೆನ್ನು ಮಾಡಿ ಕೂತೆ.